ಬಿಲ್ಲಿಗೆ ಕಟ್ಟಿಗೆ, ಬನ್ನಿಗೆ ಬಿಲ್ಲು

ಬಿಲ್ಲಿಗೆಂದು ಕಡಿದ ಹಸಿ ಕಟ್ಟಿಗೆಯಲ್ಲಿ ನೀರು ಎರಡು ಕಡೆ ಇರುತ್ತದೆ: ಎಳೆಗಳ ಟೊಳ್ಳಿನಲ್ಲಿ ತುಂಬಿಕೊಂಡದ್ದು ಒಂದು, ಎಳೆಗಳ ಗೋಡೆ ಹೀರಿಕೊಂಡದ್ದು ಇನ್ನೊಂದು. ಮೊದಲನೆಯದು ಹೋದಾಗ ಕಟ್ಟಿಗೆ ಹಗುರಾಗುತ್ತದೆ, ಅಷ್ಟೇ. ತೇವ ಒಣ ತೂಕದ ಶೇ. 25–30ಕ್ಕೆ ಇಳಿದ ಮೇಲೆ ಎರಡನೆಯದು ಹೊರಡುತ್ತದೆ. ಕುಗ್ಗುವುದು, ಸೊಟ್ಟಾಗುವುದು, ಸೀಳುವುದು ಎಲ್ಲ ಶುರುವಾಗುವುದು ಆಗಲೇ. ಉದ್ದಕ್ಕೆ ಕಟ್ಟಿಗೆ ಕುಗ್ಗುವುದಿಲ್ಲವೆಂದೇ ಹೇಳಬಹುದು. ಅಡ್ಡಲಾಗಿ ಮಾತ್ರ, ಬೆಳವಣಿಗೆಯ ಸುತ್ತಿನಗುಂಟ ಕುಗ್ಗುವುದು ತಿರುಳಿನ ಕಡೆಗೆ ಕುಗ್ಗುವುದರ ಸುಮಾರು ಎರಡರಷ್ಟು. ಈ ಜಗಳದಲ್ಲಿ ಇಡೀ ದಿಮ್ಮಿ ಬಾಯಿ ಬಿಡುತ್ತದೆ. ಅದಕ್ಕೇ ದಿಮ್ಮಿಯನ್ನು ಹಸಿಯಿದ್ದಾಗಲೇ ಬೆಣೆ ಹೊಡೆದು ನಾಲ್ಕು ಹೋಳು ಮಾಡುವುದು. ಗರಗಸ ನೇರ ಗೆರೆಯಲ್ಲಿ ಹೋಗಿ ಎಳೆಗಳನ್ನು ಕತ್ತರಿಸುತ್ತದೆ. ಬೆಣೆ ಎಳೆ ಹೋದ ದಾರಿಯಲ್ಲೇ ಹೋಗುತ್ತದೆ. ಎಳೆ ತುಂಡಾದಲ್ಲಿಯೇ ಬಿಲ್ಲು ಮುರಿಯುತ್ತದೆ.

ಬಾಗಲಕೋಟೆ ಸೀಮೆಯಲ್ಲಿ ಕಟ್ಟಿಗೆ ಒಣಗಿಸುವುದು ಕಷ್ಟವಲ್ಲ, ಒಣಗುವುದನ್ನು ತಡೆಹಿಡಿಯುವುದು ಕಷ್ಟ. ಬೇಸಿಗೆಯ 40 ಡಿಗ್ರಿ ಬಿಸಿಲಿಗೆ, ಗಾಳಿಯ ತೇವ ಶೇ. 30ರ ಸುತ್ತ ಇದ್ದಾಗ, ಬಯಲಲ್ಲಿಟ್ಟ ಕಟ್ಟಿಗೆ ಶೇ. 5–6ಕ್ಕೆ ಇಳಿಯುತ್ತದೆ. ಬಿಲ್ಲಿಗೆ ಬೇಕಾದದ್ದು 8ರಿಂದ 10. ಹೆಚ್ಚು ಹಸಿಯಿದ್ದರೆ ಬಾಗಿದ ಬಿಲ್ಲು ಬಾಗಿಯೇ ಉಳಿಯುತ್ತದೆ. ಹೆಚ್ಚು ಒಣಗಿದರೆ ಎಳೆದಾಗ ಬೆನ್ನಿನ ಕಡೆ ಪಟ್ಟನೆ ಮುರಿಯುತ್ತದೆ. ಇಲ್ಲಿನ ಬಿಸಿಲು ಉಪಕಾರಿಯಂತೆ ಬಂದು ಕೆಲಸ ಕೆಡಿಸುವ ನೆಂಟ. ತುದಿಗಳಿಂದ ನೀರು ಪಕ್ಕಗಳಿಗಿಂತ ಹಲವು ಪಟ್ಟು ಬೇಗ ಹೋಗುವುದರಿಂದ ಕಡಿದ ದಿನವೇ ಎರಡೂ ತುದಿಗೆ ಸಗಣಿ-ಮಣ್ಣು ಮೆತ್ತಬೇಕು. ಮೇಣವಾದರೆ ಇನ್ನೂ ಒಳ್ಳೆಯದು. ತೊಗಟೆ ತೆಗೆದು, ಗೊರಲೆ ಹತ್ತದಂತೆ ನೆಲದಿಂದ ಮೇಲೆ, ಗಾಳಿಯಾಡುವ ನೆರಳಲ್ಲಿ ಅಡ್ಡಪಟ್ಟಿಗಳ ಮೇಲೆ ಒಟ್ಟಬೇಕು.

ಯಾವ ಕಟ್ಟಿಗೆ? ಕರಿಜಾಲಿ ಗಟ್ಟಿ, ಆದರೆ ಅದರ ಮರ್ಯಾದೆಯೆಲ್ಲ ನೇಗಿಲಲ್ಲಿ, ಬಂಡಿಯ ಗಾಲಿಯಲ್ಲಿ. ಬಳುಕುವ ಗುಣ ತಡಸಲಿಗೆ ಇದೆ. ಬಿದಿರು ಎಲ್ಲಕ್ಕೂ ಸುಲಭ, ಆದರೆ ಬಾದಾಮಿಯ ಕುರುಚಲು ಗುಡ್ಡಗಳಲ್ಲಿ ಒಳ್ಳೆಯ ಬಿದಿರಿಲ್ಲ; ಅದು ದಾಂಡೇಲಿ, ಹಳಿಯಾಳದ ಕಡೆಯ ಸರಕು. ಮೂರು-ನಾಲ್ಕು ವರ್ಷ ಬಲಿತ ಗಳ ಬೇಕು. ಕಡಿಯುವ ಕಾಲದ ಬಗ್ಗೆ ಅಗ್ನಿಪುರಾಣ ಖಚಿತವಾಗಿದೆ: ಶರದೃತುವಿನಲ್ಲಿ ಕಡಿದ ಬಿದಿರಿನ ಬಿಲ್ಲೇ ಶ್ರೇಷ್ಠ. ಮಳೆಗಾಲದಲ್ಲಿ ಕಳಲೆ ಬೆಳೆಸಲು ಮೆಳೆ ತನ್ನ ಪಿಷ್ಟವನ್ನು ಖರ್ಚು ಮಾಡಿರುತ್ತದೆ. ಪಿಷ್ಟ ಕಡಿಮೆಯಾದ ಗಳಕ್ಕೆ ಕುಟ್ಟೆಹುಳು ಹತ್ತುವುದೂ ಕಡಿಮೆ.

ಶರದೃತು ಎಂದರೆ ದಸರೆ, ದಸರೆ ಎಂದರೆ ಬನ್ನಿ. ಇಳಕಲ್ಲಿನಿಂದ ಬಾದಾಮಿಯವರೆಗೆ ಜನ ಬನ್ನಿ ಎಲೆ ಕೊಟ್ಟು ಬಂಗಾರದ ಹಾಗಿರೋಣ ಎನ್ನುವಾಗ ಯಾರೂ ಕೇಳದ ಪ್ರಶ್ನೆ ಒಂದಿದೆ: ಅಜ್ಞಾತವಾಸದ ವರ್ಷವಿಡೀ ಬನ್ನಿ ಮರದ ಮೇಲಿದ್ದ ಪಾಂಡವರ ಬಿಲ್ಲುಗಳ ಹದ ಏನಾಯಿತು? ಅರ್ಜುನನ ಗಾಂಡೀವ ದೇವತೆಗಳು ಕೊಟ್ಟದ್ದು, ಅದನ್ನು ಈ ಲೆಕ್ಕದಿಂದ ಬಿಡಬಹುದು. ಉಳಿದ ನಾಲ್ವರ ಬಿಲ್ಲುಗಳ ಚಿಂತೆ ಉಳಿಯುತ್ತದೆ. ಮಳೆಗಾಲದಲ್ಲಿ ಗಾಳಿಯ ತೇವ ಶೇ. 80 ಮುಟ್ಟಿದರೆ ಕಟ್ಟಿಗೆ ಶೇ. 15ರವರೆಗೂ ನೀರು ಹೀರುತ್ತದೆ, ಬೇಸಿಗೆಯಲ್ಲಿ ಮತ್ತೆ 5ಕ್ಕೆ ಇಳಿಯುತ್ತದೆ. ಹಾನಗಲ್ಲೇ ಅವರು ಅಡಗಿದ್ದ ವಿರಾಟನಗರ ಎಂಬ ನಂಬಿಕೆಯನ್ನು ಹಿಡಿದರಂತೂ ಅಲ್ಲಿ ಮಳೆ ಇನ್ನೂ ಜಾಸ್ತಿ. ಆದರೆ ವಿರಾಟಪರ್ವ ಬರೆದವನಿಗೆ ಬಿಲ್ಲಿನ ಕೆಲಸ ಗೊತ್ತಿತ್ತು. ಪಾಂಡವರು ಮೊದಲು ಹೆದೆ ಇಳಿಸುತ್ತಾರೆ. ಆಮೇಲೆ ನಕುಲ ಮರ ಹತ್ತಿ, ಕೊಂಬೆ ಮುರಿಯದ, ಮಳೆ ತಾಗದ ಜಾಗ ಹುಡುಕಿ ಬಿಗಿಯಾಗಿ ಕಟ್ಟುತ್ತಾನೆ. ಜನ ಹತ್ತಿರ ಸುಳಿಯದಿರಲೆಂದು ಹೆಣ ಕಟ್ಟಿದ್ದು ಎಲ್ಲರಿಗೂ ನೆನಪಿದೆ. ಮಳೆ ತಾಗದ ಜಾಗ ನೋಡಿದ್ದು ಯಾರಿಗೂ ನೆನಪಿಲ್ಲ. ಬಡಿಗನ ಕಣ್ಣಿಗೆ ನಕುಲನೇ ಆ ಪರ್ವದ ನಾಯಕ. ಪಟ್ಟದಕಲ್ಲಿನ ಪಾಪನಾಥ ಗುಡಿಯ ಹೊರಗೋಡೆಯಲ್ಲಿ ಅರ್ಜುನ ಕಿರಾತನೆದುರು ನಿಂತಿದ್ದಾನೆ.  ಅಲ್ಲಿಯ ಬಿಲ್ಲುಗಳು ಕಲ್ಲಿನವು, ಹದದ ಗೊಡವೆ ಅವಕ್ಕಿಲ್ಲ.

ನಮ್ಮ ಕಟ್ಟಿಗೆಗೆ ಮರಳಿದರೆ, ನೆರಳಲ್ಲಿ ಒಟ್ಟಿದ ಹೋಳು ಕೆಲವು ತಿಂಗಳು ಕಳೆದ ಮೇಲೆ ಬಿಲ್ಲಿನ ಒರಟು ಆಕಾರಕ್ಕೆ ಬರುತ್ತದೆ. ತೆಳುವಾದಷ್ಟೂ ಬೇಗ ಒಣಗಿ ಸೊಟ್ಟಾಗುವುದರಿಂದ ಅದನ್ನು ನೇರ ಹಲಗೆಗೆ ಬಿಗಿದಿಡುತ್ತಾರೆ. ಹದ ತಿಳಿಯುವ ದಾರಿ ತಕ್ಕಡಿ. ವಾರಕ್ಕೊಮ್ಮೆ ತೂಗಬೇಕು; ತೂಕ ಇಳಿಯುವುದು ನಿಂತರೆ ಕಟ್ಟಿಗೆ ಗಾಳಿಯೊಡನೆ ಸಮಕ್ಕೆ ಬಂದಿದೆ. ಅದೇ ಹೋಳಿನ ಚೂರೊಂದನ್ನು ತೂಗಿ, 100 ಡಿಗ್ರಿ ದಾಟಿದ ಒಲೆಯಲ್ಲಿ ಪೂರ್ತಿ ಒಣಗಿಸಿ ಮತ್ತೆ ತೂಗಬಹುದು: 109 ಗ್ರಾಂ ಇದ್ದದ್ದು 100ಕ್ಕೆ ಬಂದರೆ ತೇವ ಶೇ. 9. ಸಣ್ಣ ಸೊಟ್ಟನ್ನು ಬೆಂಕಿಗೆ ಹಿಡಿದು ನೇರ ಮಾಡುವುದು ಇದಾದ ಮೇಲೆ. ಕೊನೆಗೆ ಎಣ್ಣೆ: ಎರೆ ಹೊಲದ ಕುಸುಬಿಯದೋ ಅಗಸಿಯದೋ. ಇವೆರಡೂ ಗಾಳಿಗೆ ಗಟ್ಟಿಯಾಗಿ ತೆಳು ಪೊರೆಯಾಗುತ್ತವೆ, ತೇವದ ಹೋಗು-ಬರುವು ನಿಧಾನವಾಗುತ್ತದೆ. ಹೆದೆಗೆ ಅರ್ಥಶಾಸ್ತ್ರ ಹೇಳುವ ನಾರುಗಳಲ್ಲಿ ಎಕ್ಕದ್ದೂ ಒಂದು. ಅದಕ್ಕಾಗಿ ದಾಂಡೇಲಿಗೆ ಹೋಗಬೇಕಿಲ್ಲ.

ಬ್ರಿಟಿಷರ 1878ರ ಶಸ್ತ್ರಾಸ್ತ್ರ ಕಾಯ್ದೆ ಬಂದೂಕು-ಕತ್ತಿಗಳ ಸಾಲಿನಲ್ಲಿ ಬಿಲ್ಲು-ಬಾಣವನ್ನೂ ಸೇರಿಸಿತು. ಅರಳೆ ಹಿಂಜುವ ಪಿಂಜಾರನ ಬಿಲ್ಲಿಗೆ ಆ ಕಾಯ್ದೆಯ ತೊಂದರೆ ಇರಲಿಲ್ಲ. ಗಾದಿ ಕಟ್ಟುವವನ ಹೆಗಲ ಮೇಲೆ ಅದು ಓಣಿ ಓಣಿ ತಿರುಗಿತು. ಅದರ ದಂಡ ಬಗ್ಗಬೇಕಿಲ್ಲ, ನರದ ತಂತಿ ಮಿಡಿದರೆ ಸಾಕು. ಆದರೂ ಹಸಿ ಕಟ್ಟಿಗೆ ಅಲ್ಲಿಯೂ ನಡೆಯದು: ದಂಡ ತಿರುಚಿಕೊಂಡರೆ ತಂತಿ ಸಡಿಲಾಗುತ್ತದೆ, ಅರಳೆ ಬಿಡಿಬಿಡಿಯಾಗದೆ ಗಂಟಾಗಿಯೇ ಉಳಿಯುತ್ತದೆ.