ಎಲೆ ಎಷ್ಟು ಅಂತ ಯಾರು ಹೇಳಬೇಕು?

ಅಡುಗೆ ಭಟ್ಟರ ಮಗಳು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಳು. ಪ್ರಾಜೆಕ್ಟಿಗೆ ಆರಿಸಿಕೊಂಡದ್ದು ಅಪ್ಪನ ಕಸುಬನ್ನೇ: ಮದುವೆ, ಮುಂಜಿಯ ಅಡುಗೆ ಗುತ್ತಿಗೆಗೆ ಬಿಲ್ಲು ಹಾಕುವ ಜಾವಾ ಪ್ರೋಗ್ರಾಮು. ವೈವಾಕ್ಕೆ ಎರಡೇ ದಿನ ಇರುವಾಗ ಅದು ಕೈಕೊಟ್ಟಿತು.

ಮೊದಲು ಬರೆದಾಗ 'ಬಿಲ್' ಎಂಬ ಕ್ಲಾಸು ತನಗೆ ಬೇಕಾದ ಡೇಟಾಬೇಸನ್ನೂ ಪ್ರಿಂಟರನ್ನೂ ತಾನೇ ಸೃಷ್ಟಿಸಿಕೊಳ್ಳುತ್ತಿತ್ತು. ಮೇಷ್ಟ್ರು ಒಪ್ಪಲಿಲ್ಲ. ನಿಜವಾದ ಪ್ರಿಂಟರ್ ಇಲ್ಲದೆ ಅದನ್ನು ಪರೀಕ್ಷಿಸುವುದು ಹೇಗೆ? ಬೇಕಾದದ್ದು ಹೊರಗಿನಿಂದ, ಕನ್‌ಸ್ಟ್ರಕ್ಟರಿನ ಮೂಲಕ ಬರಲಿ ಎಂದರು. ಇದೇ ಡಿಪೆಂಡೆನ್ಸಿ ಇಂಜೆಕ್ಷನ್. 2004ರಲ್ಲಿ ಮಾರ್ಟಿನ್ ಫೌಲರ್ ಬರೆದ ಲೇಖನದಿಂದ ಈ ಹೆಸರು ಬಳಕೆಗೆ ಬಂತು. ಹೆಸರು ಭಾರ, ವಿಷಯ ಹಗುರ. ಮದುವೆಮನೆಗೆ ಹೋದ ಭಟ್ಟರೇನು ಬಾವಿ ತೋಡುತ್ತಾರೆಯೇ? ನೀರು, ಸೌದೆ, ಕೊಪ್ಪರಿಗೆ ಯಜಮಾನನೇ ಒದಗಿಸುತ್ತಾನೆ. ಪ್ರೋಗ್ರಾಮಿನಲ್ಲಿ ಆ ಯಜಮಾನಿಕೆಯನ್ನು ಹುಡುಗಿ 'ಸ್ಪ್ರಿಂಗ್' ಎಂಬ ಫ್ರೇಮ್‌ವರ್ಕಿಗೆ ವಹಿಸಿದಳು.

ಆದರೆ ಕನ್‌ಸ್ಟ್ರಕ್ಟರು ಮೂರನೆಯದನ್ನೂ ಕೇಳುತ್ತಿತ್ತು: ಎಲೆಗಳ ಸಂಖ್ಯೆ. ಸ್ಪ್ರಿಂಗ್ ಡೇಟಾಬೇಸ್ ಕೊಟ್ಟಿತು, ಪ್ರಿಂಟರ್ ಕೊಟ್ಟಿತು. ಎಲೆಯ ಮಾತು ಬಂದಾಗ ಅಂಥ 'ಇಂಟ್' ತನ್ನ ಬಳಿ ಇಲ್ಲವೆಂದು ನಿಂತೇಬಿಟ್ಟಿತು. ಹುಡುಗಿ ಕಾನ್ಫಿಗರೇಷನ್ ಫೈಲಿನಲ್ಲಿ 300 ಎಂದು ಬರೆದಿಟ್ಟಳು. ಪ್ರೋಗ್ರಾಮು ಓಡಿತು. (ಓಡುವುದೆಲ್ಲ ಸರಿಯಾದದ್ದಲ್ಲ ಎನ್ನುವುದು ವೈವಾ ಹತ್ತಿರವಿದ್ದಾಗ ಯಾರಿಗೂ ಹೊಳೆಯುವುದಿಲ್ಲ.) ನಾಮಕರಣಕ್ಕೂ 300 ಎಲೆ, ಮದುವೆಗೂ 300 ಎಲೆ!

ರಾತ್ರಿ ಕೆಲಸ ಮುಗಿಸಿ ಬಂದ ಅಪ್ಪ ಬಿಲ್ಲುಗಳನ್ನು ತಿರುವಿ ನೋಡಿದರು.

"ಎಲ್ಲಾ ಕಡೆ 300 ಯಾಕಮ್ಮಾ? ಪಾತ್ರೆ ಹಿಂದಿನ ದಿನವೇ ಬಂದು ಬಿದ್ದಿರುತ್ತೆ. ಎಲೆ ಎಷ್ಟೂಂತ ಊಟದವರೇ ಹೇಳಬೇಕು."

ಹುಡುಗಿ ತುಸು ಹೊತ್ತು ಸುಮ್ಮನಿದ್ದಳು. ಅಪ್ಪನಿಗೆ ಇದೆಲ್ಲ ತಿಳಿಯದು ಎಂದು ಒಂದು ವಾರದಿಂದ ಏನನ್ನೂ ಹೇಳಿರಲಿಲ್ಲ. ಒಂದೇ ಕನ್‌ಸ್ಟ್ರಕ್ಟರಿನಲ್ಲಿ ಎರಡು ಜಾತಿಯ ಆರ್ಗ್ಯುಮೆಂಟುಗಳು ಬೆರೆತಿದ್ದವು: ಪ್ರೋಗ್ರಾಮು ಶುರುವಾದಾಗಲೇ ಸಿದ್ಧವಿರುವ ಸಾಮಗ್ರಿ, ಗಿರಾಕಿ ಬಂದಾಗ ಮಾತ್ರ ತಿಳಿಯುವ ಸಂಖ್ಯೆ. ನಡುವೆ ಒಂದು 'ಫ್ಯಾಕ್ಟರಿ' ಕ್ಲಾಸು ಬರೆದಳು. ಅದು ಡೇಟಾಬೇಸನ್ನೂ ಪ್ರಿಂಟರನ್ನೂ ಸ್ಪ್ರಿಂಗ್‌ನಿಂದ ಪಡೆದು ಕಾದಿರುತ್ತದೆ. ಸಂಖ್ಯೆ ಕೊಟ್ಟೊಡನೆ ಮೂರನ್ನೂ ಸೇರಿಸಿ ಹೊಸ ಬಿಲ್ ಹುಟ್ಟಿಸುತ್ತದೆ. ಗೂಗಲ್‌ನ 'ಗೈಸ್'ನಲ್ಲಿ ಇದಕ್ಕೆ 'ಅಸಿಸ್ಟೆಡ್ ಇಂಜೆಕ್ಷನ್' ಎಂಬ ಸಿದ್ಧ ಏರ್ಪಾಡೇ ಇದೆ. ಇವಳು ಕೈಯಾರೆ ಬರೆದಳು. ಹತ್ತು ಹದಿನೈದು ಸಾಲು, ಅಷ್ಟೆ.

ಒಂದೂವರೆ ಗಂಟೆಗೆ 412 ಎಲೆಯ ಬಿಲ್ಲು ಹೊರಬಿತ್ತು. ಮಲಗಿದ್ದ ಅಪ್ಪನನ್ನು ಎಬ್ಬಿಸಿ ತೋರಿಸಿದಳು. ಅವರು ಕನ್ನಡಕ ಹುಡುಕಿ ಹಾಕಿಕೊಂಡು, ಬೆರಳಿಟ್ಟು ಸಾಲು ಸಾಲಾಗಿ ಓದಿದರು.

"ವಾಲಗದವರ ಎಲೆ ಸೇರಿಸಿದ್ದೀಯಾ?"