ಕೊಡುವವರಿಗೆ ಕತೆ ಯಾಕೆ ಬೇಕು?

ಕೊಡುವವರಿಗೊಂದು ಕತೆ ಬೇಕು. ನನಗೂ ಬೇಕು. ನನ್ನ ಹಣದಿಂದ ಯಾರಿಗೋ ಕಣ್ಣು ಬಂತು, ಯಾರೋ ಕೃತಕ ಕಾಲಿನ ಮೇಲೆ ಎದ್ದು ನಿಂತರು, ಯಾವುದೋ ಹುಡುಗಿ ಹತ್ತನೇ ತರಗತಿ ಪಾಸಾದಳು ಎಂದು ಕೇಳಿದರೆ ಮನಸ್ಸು ತಣ್ಣಗಾಗುತ್ತದೆ. ಹೈದರಾಬಾದಿನಲ್ಲಿ ಭಾಷಾ ತೊಂದರೆ ಇರುವ ಮಕ್ಕಳ ಓದಿಗೆ ನೆರವಾಗುವ ಒಂದು ಪುಟ್ಟ ಸಂಸ್ಥೆಗೆ ನಾನು ಹಣ ಕೊಡುತ್ತೇನೆ, ಶನಿವಾರಗಳಂದು ಅಲ್ಲಿನ ಮಕ್ಕಳ ಜೊತೆ ಕೂರುತ್ತೇನೆ. ಅಲ್ಲಿ ಕೂತಾಗಲೆಲ್ಲ ಈ ಆಸೆ ನನ್ನನ್ನು ಪ್ರಶ್ನಿಸುತ್ತದೆ. ಯಾಕೆಂದರೆ ಈ ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟವಾದ ಕೆಲಸವೇ ಕತೆ ಹೇಳುವುದು.

ಇವರ ಕಿವಿ ಸರಿಯಾಗಿದೆ. ಇವರು ದಡ್ಡರೂ ಅಲ್ಲ. ಆದರೂ 'ಊಟಕ್ಕೆ ಕೂರುವ ಮುಂಚೆ ಚೀಲ ಒಳಗಿಡು' ಅಂದರೆ ಮಗು ನೇರವಾಗಿ ಊಟಕ್ಕೆ ಕೂರುತ್ತದೆ, ಬೈಸಿಕೊಳ್ಳುತ್ತದೆ. ಕೂಡುವ ಕಳೆಯುವ ಲೆಕ್ಕ ಬರುತ್ತದೆ. ಅದನ್ನೇ ಹಣ್ಣಿನ ಅಂಗಡಿಯ ವ್ಯಾಪಾರವಾಗಿ ವಾಕ್ಯಗಳಲ್ಲಿ ಕೊಟ್ಟರೆ ಕಂಗಾಲಾಗುತ್ತದೆ. ಶಾಲೆಯಲ್ಲಿ ಏನಾಯಿತು ಅಂದರೆ ನಡುವಿನಿಂದ ಶುರುಮಾಡಿ, ಬೇಕಾದ ಪದ ಸಿಗದೆ, 'ಅದೂ... ಅದೂ...' ಎಂದು ನಿಂತುಬಿಡುತ್ತದೆ. ತಜ್ಞರು 2017ರ ಸುಮಾರಿಗೆ ಒಂದು ಒಮ್ಮತಕ್ಕೆ ಬಂದು ಇದನ್ನು ಬೆಳವಣಿಗೆಯ ಭಾಷಾ ತೊಂದರೆ ಎಂದು ಕರೆದರು. 2016ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಅಧ್ಯಯನದ ಪ್ರಕಾರ, ಶಾಲೆಗೆ ಸೇರುವ ವಯಸ್ಸಿನ 100 ಮಕ್ಕಳಲ್ಲಿ ಸುಮಾರು 7 ಮಕ್ಕಳಿಗೆ ಬೇರೆ ಯಾವ ಕಾರಣವೂ ಕಾಣದೆ ಈ ತೊಂದರೆ ಇರುತ್ತದೆ. ಅಂದರೆ ನಾನು ಪಾಠ ಮಾಡಿದ ಪ್ರತಿ ತರಗತಿಯಲ್ಲೂ ಇಂಥ ಒಂದೆರಡು ಮಕ್ಕಳು ಕೂತಿದ್ದಿರಬಹುದು. 'ಗಮನ ಇಲ್ಲ', 'ಸೋಮಾರಿ' ಎಂಬ ಹಣೆಪಟ್ಟಿ ಹೊತ್ತು ದಾಟಿಹೋಗಿರಬಹುದು.

ಈ ಊರಿನಲ್ಲಿ ವಿಷಯ ಇನ್ನೂ ಸಿಕ್ಕಾಗುತ್ತದೆ. ನಮ್ಮ ಕನ್ನಡದ ಮನೆಗಳಲ್ಲಿ ಒಳಗೆ ಕನ್ನಡ, ಗೇಟು ದಾಟಿದರೆ ತೆಲುಗು, ಆಟೋದವರ ಜೊತೆ ದಖನಿ, ಶಾಲೆಯಲ್ಲಿ ಇಂಗ್ಲಿಷ್. ಕಾಚಿಗುಡದಲ್ಲಿ ನೃಪತುಂಗ ಶಾಲೆ ಕಟ್ಟಿಕೊಂಡವರು, ಕರ್ನಾಟಕ ಸಾಹಿತ್ಯ ಮಂದಿರ ಕಟ್ಟಿಕೊಂಡವರು ನಾವು. ನಮ್ಮ ಮಕ್ಕಳು ನಾಲ್ಕು ಭಾಷೆ ಆಡುತ್ತಾರೆ ಎಂದು ಬಂದ ನೆಂಟರ ಮುಂದೆ ಹೇಳಿಕೊಳ್ಳುವುದು ನಮಗೆ ಇಷ್ಟ. ಮಗು 'ಅಮ್ಮ ಬಂದ' ಅಂದರೆ ತೆಲುಗಿನ ಸಹವಾಸ ಎಂದು ನಕ್ಕು ಸುಮ್ಮನಾಗುತ್ತೇವೆ. ನಗು ಆತಂಕಕ್ಕೆ ತಿರುಗಿದ ಮೇಲೆ ಯಾರೋ ಒಬ್ಬರು ಹೇಳಿಯೇ ಹೇಳುತ್ತಾರೆ: ಮನೆಯಲ್ಲಿ ಕನ್ನಡ ನಿಲ್ಲಿಸಿ, ಇಂಗ್ಲಿಷ್ ಒಂದೇ ಸಾಕು. ಆದರೆ ಹಲವು ಭಾಷೆಗಳ ನಡುವೆ ಬೆಳೆಯುವುದರಿಂದ ಈ ತೊಂದರೆ ಹುಟ್ಟುವುದಿಲ್ಲ. ತೊಂದರೆ ಇದ್ದರೆ ಮಗು ಆಡುವ ಎಲ್ಲ ಭಾಷೆಗಳಲ್ಲೂ ಕಾಣುತ್ತದೆ. ಸಂಶೋಧನೆ ಇದನ್ನು ಮತ್ತೆ ಮತ್ತೆ ಹೇಳಿದೆ. ಕನ್ನಡ ಬಿಡಿಸಿದ ಮಾತ್ರಕ್ಕೆ ಮಗುವಿಗೆ ಇಂಗ್ಲಿಷ್ ಬಂದುಬಿಡುವುದಿಲ್ಲ, ಕಲಬುರಗಿಯಿಂದ ಬಂದ ಅಜ್ಜಿಯ ಜೊತೆಗಿನ ಒಡನಾಟ ಮಾತ್ರ ಹೋಗುತ್ತದೆ.

ಹೈದರಾಬಾದಿನಲ್ಲಿ ನೆರವೇ ಇಲ್ಲ ಎಂದಲ್ಲ. ಸಿಕಂದರಾಬಾದಿನ ಸ್ವೀಕಾರ್ ಸಂಸ್ಥೆಯನ್ನು ಡಾ. ಪಿ. ಹನುಮಂತರಾವ್ 1977ರಲ್ಲಿ ಆರಂಭಿಸಿದರು. ವಾಕ್ ಮತ್ತು ಶ್ರವಣ ತಜ್ಞರನ್ನು ಅದು ತಯಾರು ಮಾಡುತ್ತ ಬಂದಿದೆ. ಮನೋವಿಕಾಸ ನಗರದಲ್ಲಿ ಬೌದ್ಧಿಕ ವಿಕಲತೆಗಾಗಿ ಕೇಂದ್ರ ಸರ್ಕಾರ 1984ರಲ್ಲಿ ಕಟ್ಟಿದ ರಾಷ್ಟ್ರೀಯ ಸಂಸ್ಥೆ ಇದೆ. ಆದರೆ ಯಾವ ಹೆಸರಿಗೂ ಸರಿಯಾಗಿ ಹೊಂದದ ಮಗು ಎಲ್ಲಿಗೆ ಹೋಗಬೇಕು? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವಿಕಲತೆಗಳನ್ನು ಪಟ್ಟಿಮಾಡಿದೆ. ಅದರಲ್ಲಿ ಮಾತು ಮತ್ತು ಭಾಷೆಯ ವಿಕಲತೆಯೂ ಇದೆ. ಆದರೆ ಅದನ್ನು ಅಂಗದ ಅಥವಾ ನರಮಂಡಲದ ಕಾರಣದಿಂದ ಬಂದ ಶಾಶ್ವತ ವಿಕಲತೆ ಎಂದು ವಿವರಿಸಿ, ಗಂಟಲಿನ ಧ್ವನಿಪೆಟ್ಟಿಗೆ ತೆಗೆದದ್ದು, ಪಾರ್ಶ್ವವಾಯುವಿನಂಥದ್ದರಿಂದ ಮಾತು ಹೋದದ್ದು ಇತ್ಯಾದಿಯನ್ನು ಉದಾಹರಿಸುತ್ತದೆ. ಕಾರಣವೇ ಕಾಣದ ಭಾಷಾ ತೊಂದರೆ ಆ ವಿವರಣೆಯೊಳಗೆ ಸುಲಭವಾಗಿ ಸೇರುವುದಿಲ್ಲ. ವಿಕಲತೆಯ ಪ್ರಮಾಣಪತ್ರ ಇಲ್ಲದಿದ್ದರೆ ಅದಕ್ಕೆ ತಗಲಿಕೊಂಡ ಸವಲತ್ತೂ ಇಲ್ಲ.

ದಾನದ ಹಣ ಈ ಬಿರುಕಿನಲ್ಲಿ ಕೆಲಸ ಮಾಡುತ್ತದೆ. ಅದು ಹೋಗುವುದು ವಾಕ್ ಚಿಕಿತ್ಸಕಿಯ ಶುಲ್ಕಕ್ಕೆ, ಬಸ್ಸಿನ ಖರ್ಚಿಗೆ, ಮಗುವನ್ನು ಕರೆತರಲು ತಾಯಿ ಬಿಟ್ಟ ಕೂಲಿಗೆ, ಶಾಲೆಯ ಟೀಚರಿಗೆ ತರಬೇತಿ ಕೊಡುವುದಕ್ಕೆ. ಇವುಗಳಲ್ಲಿ ಯಾವುದರ ಫೋಟೋ ತೆಗೆಯುತ್ತೀರಿ? ಫಲ ಕಾಣಲು ವರ್ಷಗಳು ಬೇಕು. ಕಂಡರೂ ಅದು ಇಷ್ಟೇ: ಕಳೆದ ವರ್ಷ ಎರಡು ಪದ ಜೋಡಿಸುತ್ತಿದ್ದ ಮಗು ಈ ವರ್ಷ ನಾಲ್ಕು ಜೋಡಿಸುತ್ತದೆ.

ಹಾಗಾದರೆ ನಾನು ಕಾಯುತ್ತಿರುವುದು ಯಾವುದಕ್ಕೆ? ಪ್ರಾಮಾಣಿಕವಾಗಿ ಹೇಳುತ್ತೇನೆ, ಆ ಮಗು ನನಗೆ ಏನಾದರೂ ಹೇಳಲಿ ಎಂದು. ನಾನು ಮಾತಿನಿಂದ ಅನ್ನ ತಿಂದವನು. ಪಾಠ, ಭಾಷಣ, ನಾಲ್ಕು ಜನರ ನಡುವೆ ಸರಿಯಾದ ಹೊತ್ತಿಗೆ ಸರಿಯಾದ ಮಾತು, ಇವೇ ನನಗೆ ಗೌರವ ತಂದುಕೊಟ್ಟವು. ಚೆನ್ನಾಗಿ ಮಾತಾಡುವ ಮಗುವನ್ನು ಬುದ್ಧಿವಂತ ಅನ್ನುತ್ತೇವೆ, ತಡವರಿಸುವ ಮಗುವಿಗೆ ಸಭೆಯಲ್ಲಿ ಮೈಕು ಕೊಡುವುದಿಲ್ಲ. ಈ ಅಳತೆಗೋಲಿನಿಂದ ಲಾಭ ಪಡೆದವನೇ ಅದರಿಂದ ಸೋತವರಿಗೆ ಈಗ ಕೊಡಲು ಬಂದಿದ್ದೇನೆ. ನನ್ನ ಕನಿಕರದೊಳಗೆ 'ನೀನು ನನ್ನಂತಾಗು' ಎಂಬ ಒತ್ತಾಯ ಇದೆ. 'ಥ್ಯಾಂಕ್ಸ್ ಹೇಳು' ಎಂದು ಯಾರಾದರೂ ಮಗುವನ್ನು ನನ್ನ ಮುಂದೆ ನಿಲ್ಲಿಸಿದಾಗ ಒಳಗೆ ಹಿತವಾಗುತ್ತದೆ, ಮರುಗಳಿಗೆಯೇ ಸಂಕಟವಾಗುತ್ತದೆ. ಅದರ ಪಾಲಿಗೆ ಅತ್ಯಂತ ದುಬಾರಿಯಾದದ್ದನ್ನೇ ನಾವು ಅದರಿಂದ ಬೆಲೆಯಾಗಿ ಕೇಳುತ್ತಿದ್ದೇವೆ.

ನಾನು ಹೋಗುವ ಸಂಸ್ಥೆಯ ಚಿಕಿತ್ಸಕಿಯರು ದೊಡ್ಡವರಿಗೆ ಮೊದಲು ಕಲಿಸುವುದು ಕಾಯುವುದನ್ನು. ಪ್ರಶ್ನೆ ಕೇಳಿ ಸುಮ್ಮನಿರಬೇಕು. ಮಗುವಿನ ವಾಕ್ಯವನ್ನು ನಾವು ಮುಗಿಸಬಾರದು. 'ಅಮ್ಮ ಬಂದ' ಅಂದರೆ ತಪ್ಪು ಎನ್ನದೆ 'ಹೌದು, ಅಮ್ಮ ಬಂದಳು' ಎನ್ನಬೇಕು. ಮಗುವಿನ ಸುತ್ತಲಿನವರು ಕಲಿಯದೆ ಮಗು ಕಲಿಯದು ಎಂಬ ತಿಳಿವಳಿಕೆ ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಪೋಷಕರನ್ನು ಜೊತೆಗಿಟ್ಟುಕೊಂಡೇ ಕೆಲಸ ಮಾಡಿದೆ. ಅದೇ ಊರಿನಲ್ಲಿ ಕಿವಿ ಕೇಳದ ಮಕ್ಕಳ ಪೋಷಕರೇ ಕಟ್ಟಿಕೊಂಡ ಸಂಘದ ಶಾಲೆಯಲ್ಲಿ ತಾಯಂದಿರೂ ಕಲಿಯುತ್ತಾರೆ. ಸಂವಹನದ ತೊಂದರೆ ಇರುವ ಪುಟ್ಟ ಮಕ್ಕಳನ್ನು ಶಾಲೆಗೆ ಅಣಿಗೊಳಿಸಲು ಡಾ. ಪ್ರತಿಭಾ ಕಾರಂತ್ 2000ದಲ್ಲಿ ಬೆಂಗಳೂರಿನಲ್ಲಿ ಕಾಮ್ ಡೀಲ್ ಎಂಬ ಕಾರ್ಯಕ್ರಮ ಆರಂಭಿಸಿದರು. ತಾಯಿಗೆ, ಟೀಚರಿಗೆ ಅನ್ವಯಿಸುವ ಈ ಪಾಠ ಹಣ ಕೊಡುವವನಿಗೂ ಅನ್ವಯಿಸಬೇಕು. ಅವನೂ ಕಾಯುವುದನ್ನು ಕಲಿಯಬೇಕು.

ಕತೆ ಇಲ್ಲದೆ ಹಣ ಕೂಡುವುದಿಲ್ಲ ಎಂದು ಸಂಸ್ಥೆ ನಡೆಸುವವರು ಹೇಳುತ್ತಾರೆ. ಅವರ ಕಷ್ಟ ನನಗೆ ಗೊತ್ತು, ತಿಂಗಳ ಕೊನೆಗೆ ಸಂಬಳ ಕೊಡಬೇಕಾದವರು ಅವರು. ಅದಕ್ಕೇ ಬದಲಾವಣೆ ನಮ್ಮ ಕಡೆಯಿಂದ ಬರಬೇಕು. ವರದಿಯಲ್ಲಿ ಎಷ್ಟು ಮಕ್ಕಳು ವೇದಿಕೆ ಹತ್ತಿ ಮಾತಾಡಿದರು ಎಂದು ನಾನು ಹುಡುಕುವುದಿಲ್ಲ. ಎಷ್ಟು ಮಕ್ಕಳು ಶಾಲೆ ಬಿಡದೆ ಉಳಿದರು, ಎಷ್ಟು ಟೀಚರುಗಳು ತರಬೇತಿ ಪಡೆದರು, ಚಿಕಿತ್ಸಕಿಗೆ ಸಂಬಳ ಸರಿಯಾಗಿ ಸಂದಿತೇ ಎಂದು ಕೇಳುತ್ತೇನೆ. ಕತೆ ಕೇಳುವ ಆಸೆ ನನ್ನಲ್ಲಿ ಸತ್ತಿಲ್ಲ, ಬಹುಶಃ ಸಾಯುವುದೂ ಇಲ್ಲ. ಅದನ್ನು ತೀರಿಸುವ ಹೊಣೆ ಆ ಮಕ್ಕಳದಲ್ಲ ಎಂಬುದು ಮಾತ್ರ ನನಗೆ ಖಚಿತ. ಕತೆ ಬರಲಿ, ಬಾರದಿರಲಿ, ತಿಂಗಳ ಹಣ ತಪ್ಪದೆ ಹೋಗಬೇಕು.