ಅನಿವಾರ್ಯ ಕಾರಣಗಳಿಂದ

ಕನ್ನಡ ಗದ್ಯದಲ್ಲಿ ಅತ್ಯಂತ ಹೆಚ್ಚು ಸಲ ಬರೆಯಲ್ಪಟ್ಟ ವಾಕ್ಯ ಯಾವುದೆಂದು ಯಾರಾದರೂ ಕೇಳಿದರೆ, ಅದು ರಜೆಯ ಅರ್ಜಿಯದೆಂದು ನಾನು ಧೈರ್ಯವಾಗಿ ಹೇಳಿಯೇನು: ‘ಅನಿವಾರ್ಯ ಕಾರಣಗಳಿಂದ ಕೆಲಸಕ್ಕೆ ಹಾಜರಾಗಲು ಸಾಧ್ಯವಾಗದ ಪ್ರಯುಕ್ತ...’ ಅದರ ಮಹಿಮೆಯೆಲ್ಲ ಮೊದಲ ಪದದಲ್ಲಿದೆ. ನಿವಾರಿಸಲಾಗದುದು ಅನಿವಾರ್ಯ. ಮಗುವಿನ ಜ್ವರವೂ ಅದರೊಳಗೆ ಅಡಗೀತು. ಕ್ರಿಕೆಟ್ ಪಂದ್ಯವೂ ಅಡಗೀತು.

ನಮ್ಮ ಕಾಲೇಜಿನಲ್ಲಿ ಗೈರುಹಾಜರಾದವರ ಕೆಲಸವನ್ನು ಉಳಿದವರಿಗೆ ಹಂಚುವ ಹೊಣೆ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಮುಂಚಿತವಾಗಿ ತಿಳಿಸಿ ಹತ್ತು ದಿನ ಊರಿಗೆ ಹೋಗುವವರಿಂದ ತೊಂದರೆಯಿಲ್ಲ. ತೊಂದರೆಯೇನಿದ್ದರೂ ಗಂಟೆ ಬಾರಿಸಿದ ಮೇಲೂ ಬರಿದಾಗಿರುವ ಕುರ್ಚಿಯಿಂದ. ಅಲ್ಲಿ ಕೂರಬೇಕಾದವರ ಭಾರವನ್ನು ಹೊರುವವರಾದರೂ ಯಾರು? ದಿನವೂ ತಪ್ಪದೆ ಬರುವವರೇ. ನಿಯತ್ತಿಗೆ ದೊರೆಯುವ ಬಹುಮಾನ ಇನ್ನೊಬ್ಬರ ಕೆಲಸ!

ಇಂಗ್ಲೆಂಡಿನ ಬ್ರಾಡ್‌ಫರ್ಡ್ ಊರಿನ ಹೆಸರು ಹೊತ್ತ ಲೆಕ್ಕವೊಂದುಂಟು. ನೌಕರನು ವರ್ಷದಲ್ಲಿ ಎಷ್ಟು ಸಲ ತಪ್ಪಿಸಿದನೋ ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದುದನ್ನು ಮತ್ತೆ ಒಟ್ಟು ದಿನಗಳಿಂದ ಗುಣಿಸಬೇಕು. ಒಂದೇ ಸಲ 10 ದಿನ ಹಾಸಿಗೆ ಹಿಡಿದವನಿಗೆ 10 ಅಂಕ. ಬಿಡಿಬಿಡಿಯಾಗಿ 10 ದಿನ ತಪ್ಪಿಸಿದವನಿಗೆ 1000! ಈ ಲೆಕ್ಕವು ನನ್ನ ಸಂಕಟವನ್ನು ಚೆನ್ನಾಗಿ ಬಲ್ಲದು. ಆದರೆ ಅದಕ್ಕೆ ಕಿವಿಯಿಲ್ಲ.

ಕಿವಿ ಬೇಕೆಂದು ನ್ಯಾಯಾಲಯವೂ ಹೇಳಿದೆ. ರಜೆಯಿಲ್ಲದೆ 8 ದಿನಗಳಿಗೂ ಮೀರಿ ಬರಲಿಲ್ಲವೆಂದು ಕಾರ್ಖಾನೆಯೊಂದು ತನ್ನ ನಿಯಮದ ಬಲದಿಂದಲೇ ಕಾರ್ಮಿಕನೊಬ್ಬನನ್ನು ಕೆಲಸದಿಂದ ತೆಗೆದಿತ್ತು. ತನ್ನನ್ನು ಬಾಗಿಲಲ್ಲಿಯೇ ತಡೆದರೆಂಬುದು ಅವನ ಅಹವಾಲು. ವಿಚಾರಿಸದೆ ತೆಗೆದುದು ಸಲ್ಲದೆಂದು ಸುಪ್ರೀಂ ಕೋರ್ಟು 1993ರಲ್ಲಿ ತೀರ್ಪಿತ್ತಿತು. ಬೇಕೆಂದೇ ಬಾರದೆ ಉಳಿದುದೋ, ಬರಲಾರದೆ ಉಳಿದುದೋ ಎಂಬುದನ್ನು ನಿರ್ಣಯಿಸದೆ ದುರ್ನಡತೆಯ ಹೆಸರಿಡಬಾರದೆಂದು 2012ರ ಇನ್ನೊಂದು ತೀರ್ಪು ಸ್ಪಷ್ಟಪಡಿಸಿತು.

ನಮ್ಮ ಪ್ರಯೋಗಾಲಯದ ಅಟೆಂಡರೊಬ್ಬರು ತಿಂಗಳಿಗೆ ಮೂರು ನಾಲ್ಕು ಸಲ ಹೇಳದೆ ಕೇಳದೆ ನಿಂತುಬಿಡುತ್ತಿದ್ದರು. ಎಚ್ಚರಿಕೆಯ ಪತ್ರವೂ ಸಿದ್ಧವಾಗಿತ್ತು. ಅದು ಅವರ ಕೈಸೇರುವ ಮೊದಲು ಅವರನ್ನು ಕೂರಿಸಿಕೊಂಡು, ‘ಏನು ಸಮಾಚಾರ, ಹೇಳಿ’ ಎಂದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ‘ನಮ್ಮ ತಂದೆಗೆ ಮರೆವಿನ ಕಾಯಿಲೆ ಸಾರ್. ನೋಡಿಕೊಳ್ಳುವ ಹೆಂಗಸು ಬಾರದ ದಿನ ಅವರನ್ನು ಒಬ್ಬರನ್ನೇ ಬಿಟ್ಟರೆ ಮನೆಬಿಟ್ಟು ಹೊರಟುಹೋಗುತ್ತಾರೆ. ಇದನ್ನೆಲ್ಲ ಅರ್ಜಿಯಲ್ಲಿ ಹೇಗೆ ಬರೆಯಲಿ?’ ಎಂದರು.

ಪ್ರಿನ್ಸಿಪಾಲರು ಒಪ್ಪಿದರು. ಅಂಥ ದಿನ ಬೆಳಿಗ್ಗೆ 7 ಗಂಟೆಯೊಳಗೆ ಫೋನು ಮಾಡಬೇಕು. ಮನೆಯಲ್ಲಿ ಯಾರಾದರೂ ಒದಗಿದರೆ ಮಧ್ಯಾಹ್ನದ ಪಾಳಿಗೆ ಬರಬೇಕು. ಈಗಲೂ ಅವರು ಒಮ್ಮೊಮ್ಮೆ ಬರುವುದಿಲ್ಲ. ಆದರೆ ನನಗೆ ಮೊದಲೇ ತಿಳಿದಿರುತ್ತದೆ. ಅವರ ಕೆಲಸ ಮಾಡುವವರೂ ಗೊಣಗುವುದಿಲ್ಲ.

ಇದೇ ಪ್ರಶ್ನೆಯನ್ನು ಪ್ರತಿ ಸೋಮವಾರ ತಲೆನೋವು ಬರುವ ಇನ್ನೊಬ್ಬರಿಗೂ ಕೇಳಿದ್ದಾಯಿತು. ಮೂರು ಸಲಕ್ಕೆ ಮೂರು ಉತ್ತರ ಬಂದವು. ಪ್ರಿನ್ಸಿಪಾಲರು ಆ ದಿನಗಳ ಸಂಬಳವನ್ನು ತಡೆಹಿಡಿದರು. ತಲೆನೋವು ಔಷಧವಿಲ್ಲದೆ ವಾಸಿಯಾಯಿತು!

ಕರುಣೆಗೂ ಶಿಸ್ತಿಗೂ ಹಗೆತನವಿದೆಯೆಂದು ನಾವು ಭಾವಿಸುತ್ತೇವೆ. ಕೆಲಸಗಾರನು ಮರಳಿದ ದಿನವೇ, ನಾಲ್ಕು ಜನರ ಎದುರಿಗಲ್ಲದೆ, ಎದುರು ಕೂರಿಸಿಕೊಂಡು ಕಾರಣ ಕೇಳುವವನಲ್ಲಿ ಅವೆರಡೂ ಕೂಡಿ ಬಾಳುತ್ತವೆ. ಕೇಳಿದ ಮೇಲೆ ದಂಡಿಸಿದರೂ ಅದು ನ್ಯಾಯವೆನಿಸುತ್ತದೆ. ಕೇಳದೆ ಕ್ಷಮಿಸಿದರೆ, ತಪ್ಪದೆ ಬರುವವರಿಗೆ ಅನ್ಯಾಯವಾಗುತ್ತದೆ.